ಕಾಫಿಗೆ ಬಂದವರ ಕೋರಿಕೆ

ನಮ್ಮ ಆಡುಗಳು ಅಬು ಮುಯೀನ್ ಅವರ ತೋಟಕ್ಕೆ ಮೊದಲ ಸಲ ನುಗ್ಗಿದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಅವರ ಮನೆಯಲ್ಲಿ ಕೇಳಿದರೆ ವರ್ಷ, ತಿಂಗಳು, ಅವತ್ತು ಯಾವ ಗಿಡ ಹೋಯಿತು ಎನ್ನುವುದನ್ನೆಲ್ಲ ಹೇಳುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ನನಗೆ ನಾಚಿಕೆಯಾಗುವುದು ಅಲ್ಲಿಂದಲೇ ಶುರು.

ನಮ್ಮದು ಅಜ್ಲೂನಿನ ಗುಡ್ಡದ ಮೇಲಿನ ಊರು. ಇಳಿಜಾರಿನಲ್ಲಿ ಮೇಲುಗಡೆ ನಮ್ಮ ಮನೆ, ಅದರ ಹಿಂದೆ ಆಡಿನ ದೊಡ್ಡಿ. ಕೆಳಗಡೆ ಅಬು ಮುಯೀನ್ ಅವರ ಮನೆ, ತೋಟ. ನಡುವೆ ಇದ್ದದ್ದನ್ನು ಅಪ್ಪ ಬೇಲಿ ಎನ್ನುತ್ತಿದ್ದ. ತುಕ್ಕು ಹಿಡಿದ ಎರಡು ಮಂಚದ ಚೌಕಟ್ಟು, ಒಂದು ಫ್ರಿಜ್ಜಿನ ಬಾಗಿಲು, ಸೀಳಿದ ಡ್ರಮ್ಮಿನ ತಗಡು, ಲಾರಿ ಟೈರು, ಅವುಗಳ ಸಂದಿಗೆ ತುರುಕಿದ ಒಣ ಕೊಂಬೆ. ಎಲ್ಲವನ್ನೂ ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದಿತ್ತು. ಗೇಟನ್ನು ಕಟ್ಟಿದ್ದು ನನ್ನದೇ ಹಳೆಯ ಉದ್ದ ಕಾಲುಚೀಲದಿಂದ. ಇಪ್ಪತ್ತೆರಡು ಕರಿ ಆಡುಗಳಲ್ಲಿ ಕಿವಿ ಹರಿದ ಒಂದು ಮುದಿ ಆಡಿತ್ತು. ಅಪ್ಪ ಅದಕ್ಕೆ ‘ಮಂತ್ರಿಣಿ’ ಎಂದು ಹೆಸರಿಟ್ಟಿದ್ದ. ಅದು ಆ ಗಂಟನ್ನು ಹಲ್ಲಿನಿಂದ ಬಿಚ್ಚಲು ಕಲಿತಿತ್ತು. ಬಂದ ನೆಂಟರನ್ನೆಲ್ಲ ಅಪ್ಪ ಹಿತ್ತಲಿಗೆ ಕರೆದೊಯ್ದು ಆ ಚಮತ್ಕಾರ ತೋರಿಸುತ್ತಿದ್ದ. ನೆಂಟರು ಚಪ್ಪಾಳೆ ತಟ್ಟುತ್ತಿದ್ದರು. ಆಡುಗಳು ಸಾಲಾಗಿ ಕೆಳಗಿಳಿಯುತ್ತಿದ್ದವು.

ಅಪ್ಪನ ಹೆಸರು ದೈಫಲ್ಲಾ. ಇರ್ಬಿದ್‌ನಲ್ಲಿ ಬಸ್ಸು ಓಡಿಸುವ ನನ್ನಣ್ಣ ಸಖ್ರ್‌ನ ಹೆಸರು ಹಿಡಿದು ಊರವರು ಅವನನ್ನು ಅಬು ಸಖ್ರ್ ಎಂದು ಕರೆಯುತ್ತಿದ್ದರು. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ರೊಟ್ಟಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಅವನು ಕೂತರೆ ಸುತ್ತ ಹತ್ತು ಜನ ಕೂರುತ್ತಿದ್ದರು. ಬೆಳಿಗ್ಗೆ ಅವನಾಡಿದ ಮಾತು ಮಧ್ಯಾಹ್ನಕ್ಕೆ ಊರಿನ ಆ ತುದಿ ಮುಟ್ಟುತ್ತಿತ್ತು. ಅಬು ಮುಯೀನ್ ಮೂವತ್ತು ವರ್ಷ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಅವರ ಸೂಜಿ ಚುಚ್ಚಿಸಿಕೊಳ್ಳದವರು ನಮ್ಮೂರಲ್ಲಿ ಕಡಿಮೆ. ಮಾತು ಕಮ್ಮಿ. ಏನಾದರೂ ಕೇಳಬೇಕಾದರೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

“ಅಬು ಸಖ್ರ್, ಆಡು ಬಂದಿದ್ವು,” ಎಂದು ನಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

“ಬರ್ಲಿ ಬಿಡಪ್ಪ, ನಿನ್ನ ನೋಡೋಕೆ ಬಂದಿರ್ತಾವೆ. ಊರಿಗೆಲ್ಲ ಸೂಜಿ ಚುಚ್ದೋನು, ಅವಕ್ಕೂ ಒಂದೊಂದು ಚುಚ್ಚಿ ಕಳ್ಸು!”

“ಬೆಂಡೆ ಸಾಲು ಪೂರ್ತಿ ಹೋಯ್ತು.”

“ಆಡಿಗೆ ಪಾಸ್‌ಪೋರ್ಟ್ ಕೊಡೋ ಆಫೀಸು ಎಲ್ಲಿದೆ ಹೇಳು, ನಾಳೇನೇ ಹೋಗಿ ಮಾಡಿಸ್ತೀನಿ. ಗಡಿ ಅಂದ್ರೆ ಏನು ಅಂತ ಅವಕ್ಕೆ ಗೊತ್ತಿಲ್ಲ. ಬಾ, ಟೀ ಕುಡಿ.”

ಅವರು ಟೀ ಕುಡಿಯುತ್ತಿದ್ದರು. ಅಪ್ಪ ‘ದೇವರಿಚ್ಛೆ ಇದ್ರೆ ನಾಳೆ ಬೇಲಿ ಕಟ್ತೀನಿ’ ಎನ್ನುತ್ತಿದ್ದ. ಅವರು ಹೋದ ಮೇಲೆ ಅವರು ಗಂಟಲು ಸರಿಮಾಡಿಕೊಳ್ಳುವುದನ್ನು ಅನುಕರಿಸಿ ತೋರಿಸುತ್ತಿದ್ದ. ಅಮ್ಮ, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಬೆಂಡೆಯ ನಂತರ ದ್ರಾಕ್ಷಿ ಬಳ್ಳಿ ಹೋಯಿತು, ಆಮೇಲೆ ಅಂಜೂರದ ಚಿಗುರು, ಆಮೇಲೆ ಹಗ್ಗದ ಮೇಲೆ ಒಣಹಾಕಿದ್ದ ಅಬು ಮುಯೀನ್ ಅವರ ಹೆಂಡತಿ ಉಮ್ಮ್ ಮುಯೀನ್ ಅವರ ನಮಾಜಿನ ಹೊದಿಕೆ. ಅಬು ಮುಯೀನ್ ಬಂದರು, ಫೋನು ಮಾಡಿದರು, ಮಸೀದಿಯ ಇಮಾಮರಿಂದ ಹೇಳಿಸಿದರು. ಒಂದು ಸಲ ತಾವೇ ಮುಳ್ಳುತಂತಿಯ ಸುರುಳಿಯೊಂದನ್ನು ತಂದು ನಮ್ಮ ಗೇಟಿನ ಬಳಿ ಇಟ್ಟು ಹೋದರು. ಅದು ಅಲ್ಲೇ ಎರಡು ಚಳಿಗಾಲ ತುಕ್ಕು ಹಿಡಿಯಿತು.

ಆಡುಗಳ ಹಾಲು ಕರೆಯುತ್ತಿದ್ದವಳು ನಾನು. ಆಗ ನನಗೆ ಮೂವತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ಗಟ್ಟಿ ಮೊಸರು, ಚೀಸ್ ಮಾಡಿ ಮನೆಮನೆಗೆ ಕೊಡುತ್ತಿದ್ದೆ. ಹಾಲಿನ ರುಚಿ ನೋಡಿದರೆ ಆಡು ಎಲ್ಲಿ ಮೇದಿದೆ ಎಂದು ನನಗೆ ತಿಳಿಯುತ್ತಿತ್ತು. ಅವರ ತೋಟದ್ದನ್ನು ತಿಂದ ದಿನ ಹಾಲು ಸಿಹಿಯಾಗಿ, ದಪ್ಪವಾಗಿ ಇರುತ್ತಿತ್ತು. ಅವತ್ತಿನ ಮೊಸರನ್ನು ನಾನು ಉಮ್ಮ್ ಮುಯೀನ್ ಅವರಿಗೂ ಮಾರಿದ್ದೇನೆ.

ಆ ವರ್ಷ ಫೆಬ್ರವರಿಯಲ್ಲಿ ಬಾದಾಮಿಯ ಗಿಡಗಳು ಹೋದವು.

ಅಬು ಮುಯೀನ್ ನಿವೃತ್ತರಾದ ಮೇಲೆ ಕಸಿ ಕಟ್ಟುವುದನ್ನು ಕಲಿತಿದ್ದರು. ಹಾಲಿನಪುಡಿಯ ಖಾಲಿ ಡಬ್ಬಗಳಲ್ಲಿ ಕಾಡುಬಾದಾಮಿ ಬೀಜ ಹಾಕಿ, ಮೊಳೆಸಿ, ಒಳ್ಳೆಯ ಮರದ ಕಣ್ಣು ತಂದು ಕಸಿ ಮಾಡಿ, ಎರಡು ವರ್ಷ ಸಾಕಿ, ಅರವತ್ತು ಗಿಡಗಳನ್ನು ಇಳಿಜಾರಿನಲ್ಲಿ ನೆಟ್ಟಿದ್ದರು. ಒಂದು ಬೆಳಿಗ್ಗೆ ಅವರು ದೊಡ್ಡ ಮಗಳ ಮನೆಗೆಂದು ಜೆರಾಶ್‌ಗೆ ಹೋಗಿದ್ದರು. ಮಂತ್ರಿಣಿ ಗಂಟು ಬಿಚ್ಚಿತು. ಎಲೆ ತಿಂದಿದ್ದರೆ ಮತ್ತೆ ಚಿಗುರುತ್ತಿತ್ತೇನೋ. ಆಡುಗಳು ತೊಗಟೆಯನ್ನೇ ಸುತ್ತಲೂ ಸುಲಿದಿದ್ದವು. ಗಿಡಗಳು ಬಿಳಿ ಕಡ್ಡಿಗಳ ಹಾಗೆ ನಿಂತಿದ್ದವು.

ಅವರು ಸಂಜೆ ಒಂದು ಗಿಡವನ್ನು ಬೇರುಸಮೇತ ಕೈಯಲ್ಲಿ ಹಿಡಿದು ಬಂದರು. ಗಂಟಲು ಸರಿಮಾಡಿಕೊಂಡರು. ಮತ್ತೊಮ್ಮೆ ಸರಿಮಾಡಿಕೊಂಡರು.

ಅಪ್ಪನ ಮುಖದ ನಗು ಹೋಯಿತು. ಆದರೆ ಅವತ್ತು ಮನೆಯಲ್ಲಿ ನೆಂಟರಿದ್ದರು. ಸಖ್ರ್ ಕೂಡ ಇದ್ದ. ಎಲ್ಲರೂ ಅಪ್ಪನ ಮುಖವನ್ನೇ ನೋಡುತ್ತಿದ್ದರು.

“ಬಾದಾಮಿ ತಿಂದ ಆಡಿನ ಹಾಲು ಬುದ್ಧಿಗೆ ಬಹಳ ಒಳ್ಳೇದಂತೆ ಕಣಪ್ಪ,” ಎಂದ ಅಪ್ಪ. “ನಿನಗೆ ಸೇರಬೇಕಾದ್ದು ನಿನಗೇ ಸೇರ್ಲಿ. ಅರೀಜ್, ಚಿಕ್ಕಪ್ಪಂಗೆ ಒಂದು ಬೋಗುಣಿ ಹಾಲು ತಗೊಂಡು ಹೋಗಿ ಕೊಡು!”

ನೆಂಟರು ನಕ್ಕರು. ಅಬು ಮುಯೀನ್ ಆ ಗಿಡವನ್ನು ನಮ್ಮ ಮೆಟ್ಟಿಲ ಮೇಲೆ ಇಡದೆ ಕೈಯಲ್ಲೇ ಹಿಡಿದುಕೊಂಡು ವಾಪಸು ಹೋದರು. ನಾನು ಹಾಲು ಬಗ್ಗಿಸಿಕೊಂಡು ಅವರ ಹಿಂದೆಯೇ ಹೊರಟೆ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದೆ. ಉಮ್ಮ್ ಮುಯೀನ್ ಬಾಗಿಲಲ್ಲಿ ಹಾಲು ತೆಗೆದುಕೊಂಡರು. ಅವರ ಕಣ್ಣು ಊದಿತ್ತು. ನೆರೆಮನೆಯ ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ಬೋಗುಣಿ ತೊಳೆದು ಅದರ ತುಂಬ ಒಣಅಂಜೂರ ಹಾಕಿ ಕೊಟ್ಟರು. “ನಿನ್ನ ಕೈಗೆ ದೇವರು ಸುಖ ಕೊಡ್ಲಿ,” ಎಂದರು. ಆ ಅಂಜೂರವನ್ನು ನಾವು ನೆಂಟರ ಜೊತೆ ಕೂತು ತಿಂದೆವು.

ಹತ್ತು ದಿನವಾದ ಮೇಲೆ, ಒಂದು ಮಂಗಳವಾರ, ಹಾಜ್ ಫುರೈಹ್ ನಮ್ಮ ಮನೆಗೆ ಬಂದರು. ಊರಿಗೇ ಹಿರಿಯರು, ಎಂಬತ್ತು ದಾಟಿದವರು. ಅವರು ಕೋಲೂರಿಕೊಂಡು ಮೆಟ್ಟಿಲು ಹತ್ತುವುದನ್ನು ಕಂಡೇ ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು.

“ಅಬು ಸಖ್ರ್, ಶುಕ್ರವಾರ ಸಂಜೆ ಅಸರ್ ನಮಾಜ್ ಆದ್ಮೇಲೆ ಮನೇಲಿರ್ತೀಯಾ?” ಎಂದರು ಹಾಜ್. “ಅಬು ಮುಯೀನ್, ನಾನು, ಇನ್ನೊಂದಿಷ್ಟು ದೊಡ್ಡವರು ಕಾಫಿಗೆ ಬರೋಣ ಅಂತ. ನಿನ್ನ ಹತ್ರ ನಮ್ಮದೊಂದು ಕೋರಿಕೆ ಇದೆ.”

“ಬನ್ನಿ ಹಾಜ್, ಮನೆ ನಿಮ್ಮದು,” ಎಂದ ಅಪ್ಪ. 

ನಮ್ಮ ಕಡೆ ಹಿರಿಯರು ಹೀಗೆ ದಂಡುಕಟ್ಟಿ ಬರುವುದನ್ನು ಜಾಹಾ ಎನ್ನುತ್ತಾರೆ. ಕೊಲೆ, ಅಪಘಾತ ಆದಾಗ ಕ್ಷಮೆ ಕೇಳಲು ಬರುತ್ತಾರೆ. ಅದಲ್ಲದಿದ್ದರೆ ಹೆಣ್ಣು ಕೇಳಲು ಬರುತ್ತಾರೆ. ಅವರು ನಮ್ಮವರನ್ನು ಯಾರನ್ನೂ ಕೊಂದಿರಲಿಲ್ಲ. ಅಬು ಮುಯೀನ್ ಅವರಿಗೆ ಮದುವೆಯಾಗದ ಮಗನಿದ್ದ, ಅಜ್ಲೂನ್ ಪೇಟೆಯ ಔಷಧಿ ಅಂಗಡಿಯಲ್ಲಿದ್ದ ಮುಯೀನ್. ನಮ್ಮ ಮನೆಯಲ್ಲಿ ನಾನಿದ್ದೆ.

ಹಾಜ್ ಮೆಟ್ಟಿಲಿಳಿದು ಮರೆಯಾಗುವುದನ್ನೇ ಕಾಯುತ್ತಿದ್ದ ಅಮ್ಮ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. “ಹತ್ತು ವರ್ಷ ಕಣೇ, ಹತ್ತು ವರ್ಷ ಬೇಡ್ಕೊಂಡೆ!”

“ನೋಡಿದ್ಯಾ ಅವನ ದೊಡ್ಡತನ?” ಅಪ್ಪ ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡಿದ. “ಅಷ್ಟೆಲ್ಲ ತಮಾಷೆ ಮಾಡ್ದೆ, ಮನಸ್ಸಲ್ಲಿ ಒಂದು ಚೂರೂ ಇಟ್ಕೊಂಡಿಲ್ಲ. ಹಾಲಿನಂಥ ಮನಸ್ಸು ಅವನದು.”

ಮೂರು ದಿನ ಮನೆ ತಲೆಕೆಳಗಾಯಿತು. ಬಾದಾಮಿಯ ಗಿಡ ಸತ್ತು ಇನ್ನೂ ಎರಡು ವಾರ ಆಗಿರಲಿಲ್ಲ. ಆದರೂ ನಮ್ಮಲ್ಲಿ ಒಬ್ಬರಿಗೂ ಆಡಿನ ನೆನಪು ಬರಲಿಲ್ಲ ಎಂದರೆ ಕೇಳಿದವರು ನಂಬುವುದಿಲ್ಲ. ಅವರ ಮನೆಯಲ್ಲಿ ಹಗಲೂ ರಾತ್ರಿ ಅದೇ ಮಾತು. ಹೀಗಾಗಿ ನಾವೂ ಅದನ್ನೇ ಯೋಚಿಸುತ್ತಿರುತ್ತೇವೆ, ಕೋರಿಕೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ ಎಂದು ಅವರು ತಿಳಿದರು.

ಅಮ್ಮ ಗೋಡೆಗೆ ಸುಣ್ಣ ಹೊಡೆಸಿದಳು. ಅತ್ತೆಯರನ್ನು, ದೊಡ್ಡಮ್ಮನ ಮಕ್ಕಳನ್ನು ಕರೆಸಿದಳು. ಸಖ್ರ್ ರಜೆ ಹಾಕಿ ಬಂದ. ಬರುವಾಗ ಇರ್ಬಿದ್‌ನಿಂದ ಎರಡು ದೊಡ್ಡ ತಟ್ಟೆ ಕುನಾಫಾ ಸಿಹಿ ಹೇಳಿ ಬಂದ. ನಾನು ಹಸಿರು ಬಣ್ಣದ ಉಡುಪು ಹೊಲಿಸಿಕೊಂಡೆ. ಮುಯೀನ್‌ನನ್ನು ನಾನು ಸರಿಯಾಗಿ ಮಾತಾಡಿಸಿದ್ದು ಒಂದೇ ಸಲ, ಅಮ್ಮನ ಕೆಮ್ಮಿಗೆ ಔಷಧಿ ತರಲು ಹೋದಾಗ. “ಊಟ ಆದ್ಮೇಲೆ ಎರಡು ಚಮಚ ಕೊಡಿ,” ಎಂದಿದ್ದ. ಆ ಮೂರು ದಿನ ಆ ಮಾತನ್ನು ಎಷ್ಟು ಸಲ ನೆನೆಸಿಕೊಂಡೆನೋ. ಅವನು ಹೇಳುವಾಗ ಸ್ವಲ್ಪ ನಕ್ಕಿದ್ದ ಎಂದು ನನಗೆ ಅನಿಸತೊಡಗಿತು. ಸೀಸೆಯನ್ನು ಕಾಗದದಲ್ಲಿ ಸುತ್ತುವಾಗ ಬೇಕೆಂದೇ ನಿಧಾನ ಮಾಡಿದ್ದ ಎಂದೂ.

ಶುಕ್ರವಾರ ಹನ್ನೆರಡು ಜನ ಗಂಡಸರು ಬಂದರು. ಕೊನೆಯಲ್ಲಿ ಮುಯೀನ್ ಬಂದ. ಹೊರಕೋಣೆಯಲ್ಲಿ ಗೋಡೆಗುಂಟ ಕೂತರು. ಒಳಕೋಣೆಯ ಪರದೆಯ ಹಿಂದೆ ನಾವು ಹೆಂಗಸರು ಒಬ್ಬರ ಮೇಲೊಬ್ಬರು ಬಗ್ಗಿ ನಿಂತಿದ್ದೆವು. ಪರದೆಯ ಸಂದಿಯಲ್ಲಿ ನನಗೆ ಹಾಜ್ ಫುರೈಹ್ ಅವರ ಗಡ್ಡ, ಅಬು ಮುಯೀನ್ ಅವರ ಮಂಡಿ, ಮುಯೀನ್‌ನ ಅರ್ಧ ಮುಖ ಕಾಣುತ್ತಿತ್ತು.

ಸಖ್ರ್ ಕಹಿ ಕಾಫಿ ಬಗ್ಗಿಸಿದ. ಹಾಜ್ ಬಟ್ಟಲನ್ನು ತೆಗೆದುಕೊಂಡು ಕುಡಿಯದೆ ಮುಂದಿನ ಮೇಜಿನ ಮೇಲಿಟ್ಟರು. ಉಳಿದವರೂ ಇಟ್ಟರು. ಕೋರಿಕೆ ಈಡೇರುವ ತನಕ ಕುಡಿಯುವುದಿಲ್ಲ ಎಂದು ಅದರರ್ಥ.

“ಅಬು ಸಖ್ರ್,” ಹಾಜ್ ಶುರು ಮಾಡಿದರು, “ದೇವರು ನೆರೆಯವರ ವಿಷಯದಲ್ಲಿ ನಮಗೆ ಎಷ್ಟೊಂದು ಹೇಳಿದ್ದಾನೆ. ನೀನೂ ಅಬು ಮುಯೀನೂ ಇಪ್ಪತ್ತು ವರ್ಷದಿಂದ ನೆರೆಯವರು. ನಿಮ್ಮಿಬ್ಬರ ಮಧ್ಯೆ ಇನ್ನು ಮುಂದೆ...”

ಅಪ್ಪನಿಗೆ ತಡೆಯಲಾಗಲಿಲ್ಲ. ಯಾವಾಗಲೂ ಅಷ್ಟೇ, ಬೇರೆಯವರ ಮಾತು ಮುಗಿಯುವ ತನಕ ಕಾಯುವುದು ಅವನಿಗೆ ಗೊತ್ತಿರಲಿಲ್ಲ. ಅದೂ ಅವತ್ತು ಅವನಿಗೆ ಉದಾರಿ ಎನಿಸಿಕೊಳ್ಳಬೇಕಿತ್ತು. ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ.

“ಹಾಜ್, ಕಾಫಿ ಕುಡೀರಿ! ನೀವು ಬಂದ ಕೆಲಸ ಆಯ್ತು. ನೀವು ಕೇಳೋದಕ್ಕೆ ಮುಂಚೆನೇ ಕೊಟ್ಟೆ. ಇಂಥ ಮನೆಗೆ ಕೊಡದೆ ಇನ್ಯಾರಿಗೆ ಕೊಡ್ಲಿ?”

ಅಷ್ಟು ಕೇಳಿದ್ದೇ ಅಮ್ಮ ನಾಲಗೆಯಾಡಿಸಿ ಮದುವೆಮನೆಯ ಕೂಗು ಹಾಕಿದಳು. ನಮ್ಮ ಹೆಂಗಸರು ಗಂಟಲೆತ್ತಿ ಕೂಗುವ ಆ ಕೂಗು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೇಳುತ್ತದೆ. ಅತ್ತೆಯರೂ ಸೇರಿಕೊಂಡರು. ಯಾರೋ ನನ್ನ ತಲೆಯ ಮೇಲೆ ಅಕ್ಕಿ, ಮಿಠಾಯಿ ಎರಚಿದರು.

ಹೊರಗೆ ಮುಯೀನ್ ತಲೆಯೆತ್ತಿದ. ಅವನಿಗೆ ಏನೂ ಅರ್ಥವಾಗಿರಲಿಲ್ಲ. ಪರದೆ ಕಡೆ ನೋಡಿದ, ತಂದೆಯ ಕಡೆ ನೋಡಿದ. ಆಮೇಲೆ ಅರ್ಥವಾಯಿತು. ಅವನ ಕಿವಿಯಿಂದ ಕುತ್ತಿಗೆಯವರೆಗೆ ಕೆಂಪು ಇಳಿಯುವುದನ್ನು ನಾನು ನೋಡಿದೆ. ಅದು ಸಂತೋಷದ ಕೆಂಪಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿದವಳು ನಾನೇ. ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿದೆ. ಅವಳು ನನ್ನ ಕೈ ಸರಿಸಿ ಮತ್ತೊಮ್ಮೆ ಕೂಗಿದಳು.

ಕೂಗು ನಿಂತಿತು. ಹಾಜ್ ಫುರೈಹ್ ಅವರಿಗೆ ಕಿವಿ ಸ್ವಲ್ಪ ಮಂದ. ಅವರು ಖುಷಿಯಾಗಿ ಬಟ್ಟಲು ಎತ್ತಿಕೊಂಡರು.

“ದೇವರು ನಿನ್ನ ಮುಖ ಬೆಳ್ಳಗಿಟ್ಟಿರ್ಲಿ, ಅಬು ಸಖ್ರ್! ಊರಲ್ಲಿ ಎಲ್ಲರೂ ಅಂದ್ರು, ಅವನು ಒಪ್ಪಲ್ಲ, ತಮಾಷೆ ಮಾಡಿ ಕಳಿಸ್ತಾನೆ ಅಂತ. ಅವನು ಬೇರೆ ಏನೇ ಇರ್ಲಿ, ಮನೆಗೆ ಬಂದ ಅತಿಥೀನ ಬರಿಗೈಲಿ ಕಳಿಸಲ್ಲ ಅಂತ ನಾನಂದೆ. ಹಾಗಾದ್ರೆ ಬೇಲಿ ಯಾವತ್ತು ಕಟ್ತೀಯ? ಕಬ್ಬಿಣದ ಗೂಟ, ಆಳೆತ್ತರದ ಜಾಲರಿ. ಅಷ್ಟೇ ನಮ್ಮ ಕೋರಿಕೆ.”

ಅಪ್ಪ ನಿಂತೇ ಇದ್ದ. ಎದೆಯ ಮೇಲಿನ ಕೈ ಅಲ್ಲೇ ಇತ್ತು.

“ಬೇಲಿ,” ಎಂದ.

“ಬೇಲೀನೇ ಮತ್ತೆ. ಆಡಿಗೆ.”

 ಅಬು ಮುಯೀನ್ ನಿಧಾನವಾಗಿ ಹೊಸ ಸುಣ್ಣದ ಗೋಡೆ ನೋಡಿದರು, ಸಖ್ರ್‌ನ ಕೋಟು ನೋಡಿದರು, ಪರದೆ ನೋಡಿದರು. ಅವರ ಬಾಯಿ ತೆರೆದುಕೊಂಡಿತು, ಗಂಟಲು ಸರಿಮಾಡಿಕೊಳ್ಳುವುದಕ್ಕೂ ಆಗಲಿಲ್ಲ. ಆ ಮನುಷ್ಯನ ಮುಖದಲ್ಲಿ ನಾನು ಅವತ್ತು ಕಂಡದ್ದು ಭಯ. ಯಾರಿಗೋ ತಪ್ಪು ಸೂಜಿ ಚುಚ್ಚಿದ ಕಂಪೌಂಡರನ ಭಯ.

“ಬೇಲಿ... ಕಟ್ತೀನಿ,” ಎಂದ ಅಪ್ಪ. “ಕೊಟ್ಟ ಮಾತು ಕೊಟ್ಟ ಹಾಗೆ. ಕಾಫಿ ಕುಡೀರಿ.”

ಎಲ್ಲರೂ ಕುಡಿದರು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ, ಒಳಗೆ ನಡೆದದ್ದೇನೂ ತಿಳಿಯದ ನನ್ನ ಸೋದರತ್ತೆಯ ಗಂಡ ಎರಡು ತಟ್ಟೆ ಕುನಾಫಾ ಹೊತ್ತುಕೊಂಡು ‘ಮಬ್ರೂಕ್, ಮಬ್ರೂಕ್!’ ಎಂದು ಶುಭಾಶಯ ಹೇಳುತ್ತ ನೇರ ಗಂಡಸರ ನಡುವೆ ಬಂದ. ಪಿಸ್ತಾ ಉದುರಿಸಿದ ಬಿಸಿ ಕುನಾಫಾ. ಬಂದ ಸಿಹಿಯನ್ನು ಬೇಡ ಎನ್ನುವ ಹಾಗಿರಲಿಲ್ಲ. ಹನ್ನೆರಡು ಜನರೂ ತಲೆ ತಗ್ಗಿಸಿಕೊಂಡು ತಿಂದರು.  ಆಗ ಹಾಜ್ ಫುರೈಹ್ ಅವರಿಗೆ ಪಕ್ಕದವರು ಕಿವಿಯಲ್ಲಿ ಏನೋ ಹೇಳಿದರು. ಮುದುಕರು ಚಮಚ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಅವರು ಹೋದ ಮೇಲೆ ನಾನು ಹಸಿರು ಉಡುಪು ಕಳಚಿ, ಹಳೆಯದನ್ನು ತೊಟ್ಟು, ದೊಡ್ಡಿಗೆ ಹೋದೆ. ಹಾಲು ಕರೆಯುವ ಹೊತ್ತಾಗಿತ್ತು. ಮನೆಯೊಳಗೆ ಅಮ್ಮ ಅತ್ತೆಯರ ಮೇಲೆ, ಅತ್ತೆಯರು ಸಖ್ರ್ ಮೇಲೆ ಕೂಗಾಡುತ್ತಿದ್ದರು.  ನನಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಅಬು ಮುಯೀನ್ ಮೇಲೂ ಬಂದಿತ್ತು. ಆದರೆ ಗೇಟಿನ ಹತ್ತಿರ ನಿಂತು ಆ ಮಂಚದ ಚೌಕಟ್ಟು, ಆ ಫ್ರಿಜ್ಜಿನ ಬಾಗಿಲು ನೋಡಿದಾಗ ಸಿಟ್ಟಿಗೆ ಆಧಾರ ಸಿಗಲಿಲ್ಲ. ದಿನಕ್ಕೆರಡು ಸಲ ಆ ಕಾಲುಚೀಲದ ಗಂಟು ಹಾಕುತ್ತಿದ್ದವಳು ನಾನು. ಇನ್ನೊಂದು ಗಂಟು ಹಾಕಲು, ಒಂದು ಚಿಲಕ ತರಿಸಲು ನನಗೆ ಯಾರೂ ಅಡ್ಡ ಬಂದಿರಲಿಲ್ಲ.

ಮೂರನೆಯ ದಿನ ಉಮ್ಮ್ ಮುಯೀನ್ ಒಬ್ಬರೇ ಬಂದರು. ಅಮ್ಮ ತಲೆನೋವೆಂದು ಮಲಗಿಕೊಂಡು ಎದ್ದು ಬರಲಿಲ್ಲ. ನಾನು ಅಡುಗೆಮನೆಯಲ್ಲೇ ಕೂರಿಸಿದೆ.

“ಅರೀಜ್, ಮಗಳೇ,” ಎಂದು ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. “ನಾವು ರಾತ್ರಿಯೆಲ್ಲ ಮಾತಾಡ್ಕೊಂಡ್ವಿ. ನಮ್ಮಿಂದ ನಿನಗೆ ಹೀಗಾಗಬಾರದಿತ್ತು. ನೀನು ಹೂಂ ಅಂದ್ರೆ... ಶುಕ್ರವಾರ ಮತ್ತೆ ಬರ್ತೀವಿ. ಈ ಸಲ ನಿನ್ನನ್ನೇ ಕೇಳ್ಕೊಂಡು.”

“ಚಿಕ್ಕಮ್ಮ, ಇದು ಮುಯೀನ್ ಹೇಳಿದ್ದಾ?”

ಅವರು ನನ್ನ ಮಣಿಕಟ್ಟನ್ನು ಸವರಿದರು.

“ಅವನು ಒಳ್ಳೆ ಹುಡುಗ,” ಎಂದರು ಆಮೇಲೆ. “ಅಪ್ಪ ಹೇಳಿದ್ದಕ್ಕೆ ಇಲ್ಲ ಅನ್ನಲ್ಲ.”

ಒಂದು ಗಳಿಗೆ, ಒಂದೇ ಗಳಿಗೆ, ಹೂಂ ಎನ್ನಬೇಕೆನಿಸಿತು. ಅಂದಿದ್ದರೆ ಊರಿನ ಬಾಯಿ ಮುಚ್ಚುತ್ತಿತ್ತು, ಅಮ್ಮ ಹಾಸಿಗೆ ಬಿಟ್ಟು ಏಳುತ್ತಿದ್ದಳು. ಆದರೆ ಅರವತ್ತು ಗಿಡ ಕಳೆದುಕೊಂಡವರು ಈಗ ಮಗನನ್ನೂ ನಮಗೆ ತಂದೊಪ್ಪಿಸಲು ಬಂದಿದ್ದರು.

“ಬೇಡ ಚಿಕ್ಕಮ್ಮ. ನಿಮ್ಮ ತೋಟ ತಿಂದಿದ್ದೇ ಸಾಕು.”

ಅವರು ಅತ್ತರು. ನಾನೂ ಅತ್ತೆ. ಅಳುತ್ತಲೇ ನಾನು, “ಅವತ್ತು ಹಾಲು ತಗೊಂಡು ಬಂದಿದ್ನಲ್ಲ, ನನಗೆ ನಗು ಬರ್ತಿತ್ತು ಚಿಕ್ಕಮ್ಮ,” ಎಂದೆ. ಯಾರಿಗೂ ಹೇಳದ ಮಾತು ಅದು.

“ಗೊತ್ತು ಮಗಳೇ,” ಎಂದರು ಅವರು. “ಕಾಣಿಸ್ತು.”

ಆ ಎರಡು ಮಾತು ಹನ್ನೆರಡು ಜನರ ಮುಂದೆ ಆದ ಅವಮಾನಕ್ಕಿಂತ ಹೆಚ್ಚು ಚುಚ್ಚಿತು. ಅವತ್ತಿನದು ನನ್ನ ಮೇಲೆ ಬಂದು ಬಿದ್ದದ್ದು. ಇದು ನಾನೇ ಮಾಡಿದ್ದು.

ಅಪ್ಪ ವಾರದೊಳಗೆ ಕಬ್ಬಿಣದ ಗೂಟ, ಜಾಲರಿ, ಸಿಮೆಂಟು ತಂದ. ರೊಟ್ಟಿ ಅಂಗಡಿಯ ಬೆಂಚಿನವರು ಸಹಾಯಕ್ಕೆ ಬರುತ್ತೇವೆಂದರು. ಬೇಡವೆಂದ. ಅವರು ಬರುತ್ತಿದ್ದದ್ದು ನಗುವುದಕ್ಕೆ ಎಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಊರಲ್ಲಿ ‘ಅಬು ಸಖ್ರ್ ಬೇಲಿಗೆ ಮದುವೆ ಮಾಡ್ಸಿದ’ ಎಂಬ ಮಾತು ಹುಟ್ಟಿಕೊಂಡಿತ್ತು. ಸಖ್ರ್‌ನ ಬಸ್ಸಿಗೆ ಹತ್ತಿದವನೊಬ್ಬ “ಹುಡುಗಿ ಕಡೆಯೋರು ಜಾಲರಿನೋ ಮುಳ್ಳುತಂತಿನೋ?” ಎಂದು ಕೇಳಿದ್ದನಂತೆ. ಇಂಥ ಮಾತು ಕಟ್ಟುವುದರಲ್ಲಿ ಊರಿಗೆಲ್ಲ ಗುರುವಾಗಿದ್ದವನು ಅಪ್ಪನೇ. ಅವನು ಕಲಿಸಿದ್ದನ್ನು ಅವರು ಚೆನ್ನಾಗಿ ಕಲಿತಿದ್ದರು. ಅವನು ಬೆಂಚಿಗೆ ಹೋಗುವುದನ್ನು ಬಿಟ್ಟ.

ಗೂಟ ನೆಡಲು ಅವನೂ ನಾನೂ ಇಬ್ಬರೇ. ನಮ್ಮ ಇಳಿಜಾರಿನಲ್ಲಿ ಒಂದು ಗೇಣು ಮಣ್ಣು, ಅದರ ಕೆಳಗೆ ಬಂಡೆ. ಅಪ್ಪ ಹಾರೆಯಿಂದ ಕುಟ್ಟುತ್ತಿದ್ದ, ನಾನು ಚೂರುಗಳನ್ನು ಬಾಚಿ ತೆಗೆಯುತ್ತಿದ್ದೆ. ದಿನಕ್ಕೆ ನಾಲ್ಕು ಗುಂಡಿ ಆದರೆ ಹೆಚ್ಚು. ಮೂರನೆಯ ದಿನ ಅವನ ಅಂಗೈಯ ಬೊಬ್ಬೆ ಒಡೆದು ಹಾರೆಯೆಲ್ಲ ರಕ್ತವಾಯಿತು. ನಾನು ಬಟ್ಟೆ ಕಟ್ಟುತ್ತಿದ್ದಾಗ ಅವನು ನನ್ನ ಮುಖ ನೋಡದೆ ಕೇಳಿದ:

“ಏನ್ ಕೋರಿಕೆ ಅಂತ ಅವತ್ತು ನಾನು ಕೇಳ್ಬೇಕಿತ್ತು. ಅಲ್ವಾ?”

“ಅವರು ನಮ್ಮ ಬಾಗ್ಲಲ್ಲಿ ನಿಂತು ಎಷ್ಟು ಸಲ ಹೇಳಿದ್ರು ಅಪ್ಪ. ಕೇಳೋದೇನಿತ್ತು?”

ಅವನು ಕೈ ಬಿಡಿಸಿಕೊಂಡು ಹಾರೆ ಹಿಡಿದ.

ನಾಲ್ಕನೆಯ ದಿನ ಅಬು ಮುಯೀನ್ ಕೆಳಗಿನಿಂದ ಮೇಲೆ ಹತ್ತಿ ಬಂದರು. ಕೈಗೆ ರಬ್ಬರ್ ಕೈಗವಸು ಹಾಕಿಕೊಂಡಿದ್ದರು. ನಾವು ನಿಲ್ಲಿಸುತ್ತಿದ್ದ ಗೂಟವನ್ನು ತಮ್ಮ ಕಡೆಯಿಂದ ಹಿಡಿದುಕೊಂಡರು. ನಾನು ಸಿಮೆಂಟು ಸುರಿದೆ. ಗೂಟದ ಆ ಕಡೆ ಅವರು, ಈ ಕಡೆ ಅಪ್ಪ. ಸಿಮೆಂಟು ಗಟ್ಟಿಯಾಗುವ ತನಕ ಬಿಡುವ ಹಾಗಿರಲಿಲ್ಲ.

“ಅಬು ಮುಯೀನ್,” ಎಂದ ಅಪ್ಪ. “ನಾನು... ನಿನಗೆ...” ಊರಿಡೀ ನಗಿಸಿದ ಬಾಯಿಗೆ ಮುಂದಿನ ಪದ ಸಿಗಲಿಲ್ಲ. 

“ವಾಲ್ತಾ ಇದೆ,” ಎಂದರು ಅಬು ಮುಯೀನ್. “ಸ್ವಲ್ಪ ನಿಮ್ಮ ಕಡೆ ಎಳ್ಕೊಳ್ಳಿ.”

ಹನ್ನೊಂದು ದಿನದಲ್ಲಿ ಬೇಲಿ ಆಯಿತು. ಮಂತ್ರಿಣಿ ಅದರುದ್ದಕ್ಕೂ ಒಂದು ವಾರ ಮೂಗು ಒತ್ತಿಕೊಂಡು ನಡೆದಾಡಿ, ಕೊನೆಗೆ ಸುಮ್ಮನಾಯಿತು.

ಮುಯೀನ್ ಮುಂದಿನ ವರ್ಷ ಜೆರಾಶ್‌ನ ಹುಡುಗಿಯೊಬ್ಬಳನ್ನು ಮದುವೆಯಾದ. ನಮಗೂ ಕರೆ ಬಂದಿತ್ತು. ನಾನು ಹೋಗಿ ಕೊನೆಯ ಸಾಲಿನಲ್ಲಿ ಕೂತು ಬಂದೆ. ಅಮ್ಮ ಬರಲಿಲ್ಲ. ಆ ಶುಕ್ರವಾರದ ನಂತರ ಅವಳು ಯಾರ ಮದುವೆಯಲ್ಲೂ ಕೂಗು ಹಾಕಿಲ್ಲ, ತಂಗಿಯ ಮಗಳ ಮದುವೆಯಲ್ಲೂ. ನಾನು ಅಜ್ಲೂನಿನಲ್ಲಿ ಹೆಂಗಸರೆಲ್ಲ ಸೇರಿ ನಡೆಸುವ ಚೀಸ್ ಘಟಕಕ್ಕೆ ಸೇರಿಕೊಂಡೆ. ಅಲ್ಲಿಯವರಿಗೂ ಕತೆ ಗೊತ್ತಿತ್ತು. ಯಾರಾದರೂ ಶುರು ಮಾಡುವ ಮೊದಲೇ ನಾನೇ ಹೇಳಿಬಿಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಬೋಗುಣಿ ಹಾಲಿನ ಭಾಗ ಮಾತ್ರ ಹೇಳುತ್ತಿರಲಿಲ್ಲ.

ಕಳೆದ ಜನವರಿಯಲ್ಲಿ ನಮ್ಮ ಗುಡ್ಡದ ಮೇಲೆ ಜೋರು ಹಿಮ ಬಿತ್ತು. ಬೆಳಗಿನ ನಮಾಜಿಗೆ ಎದ್ದ ಅಪ್ಪ ಕಿಟಕಿಯಿಂದ ನೋಡಿ ‘ಅಯ್ಯೋ’ ಎಂದದ್ದಷ್ಟೇ ನನಗೆ ಕೇಳಿದ್ದು. ಎದ್ದು ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ಓಕ್ ಮರದ ಕೊಂಬೆಯೊಂದು ಹಿಮದ ಭಾರಕ್ಕೆ ಮುರಿದು ಜಾಲರಿಯ ಮೇಲೆ ಬಿದ್ದು, ಒಂದು ಕಡೆ ಬೇಲಿ ನೆಲಕ್ಕೆ ಮಲಗಿತ್ತು. ಆಡುಗಳ ಹೆಜ್ಜೆ ಗುರುತು ಕೆಳಗಿಳಿದಿತ್ತು. ಅದರ ಪಕ್ಕದಲ್ಲಿ ಅಪ್ಪನ ಬರಿಗಾಲ ಗುರುತು.

ನಾನು ಅವನ ಬೂಟು ಹಿಡಿದುಕೊಂಡು ಓಡಿದೆ. ಅಷ್ಟರಲ್ಲಿ ಅವನು ಆಡುಗಳನ್ನೆಲ್ಲ ಮೇಲಕ್ಕೆ ಅಟ್ಟಿದ್ದ. ನೇರ ವಾಪಸು ಬಂದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಹಿಮ ಇನ್ನೂ ಬೀಳುತ್ತಲೇ ಇತ್ತು. ಆದರೆ ಅವನು ಅಬು ಮುಯೀನ್ ಅವರ ಬಾಗಿಲ ಮುಂದೆ ನಿಂತಿದ್ದ. ರಾತ್ರಿ ಉಟ್ಟ ಪಾಯಜಾಮ, ತಲೆಗೆ ಏನೂ ಇಲ್ಲ. ಬಾಗಿಲು ಬಡಿದ. ಅಬು ಮುಯೀನ್ ಕಂಬಳಿ ಹೊದ್ದು ಬಂದು ತೆರೆದರು.

“ನಮ್ಮ ಆಡು ಬಂದಿದ್ವು,” ಎಂದ ಅಪ್ಪ. ಹಲ್ಲು ಕಟಕಟ ಎನ್ನುತ್ತಿತ್ತು. “ಬೇಲಿ ಬಿದ್ದಿದೆ. ನೀನು ಮತ್ತೆ ನೆಟ್ಟಿರೋ ಬಾದಾಮೀಲಿ ಮೂರು ಗಿಡದ ತೊಗಟೆ ಹೋಗಿದೆ, ಇನ್ನೊಂದರದ್ದು ಅರ್ಧ. ನಾಲ್ಕನೇದು ಉಳಿಬೋದು. ನೀನು ನೋಡೋ ಮುಂಚೆ ನಾನೇ ಹೇಳೋಣ ಅಂತ ಬಂದೆ.”

ಅಬು ಮುಯೀನ್ ತೋಟದ ಕಡೆ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ಅಪ್ಪನ ಪಾದ. ಅವು ನೀಲಿಗಟ್ಟಿದ್ದವು.

“ಒಳಗೆ ಬಾ ಅಬು ಸಖ್ರ್,” ಎಂದರು. “ಕಾಲು ನೋಡ್ಕೋ, ಏನಾಗಿದೆ.”

“ಬೇಡ, ಬೇಲಿ ಎತ್ತಬೇಕು...”

“ಬಾ ಅಂದ್ನಲ್ಲ.”

ಉಮ್ಮ್ ಮುಯೀನ್ ಒಲೆಯ ಪಕ್ಕ ಕುರ್ಚಿ ಹಾಕಿದರು. ಅಬು ಮುಯೀನ್ ತಗಡಿನ ಬೇಸಿನ್ನಿಗೆ ನೀರು ಹಾಕಿ, ಮೊಣಕೈ ಅದ್ದಿ ಬಿಸಿ ನೋಡಿ, ಇನ್ನಷ್ಟು ತಣ್ಣೀರು ಬೆರೆಸಿದರು. “ಜಾಸ್ತಿ ಬಿಸಿ ಇರಬಾರದು,” ಎಂದು ನನಗೆ ಹೇಳಿದರು. ಆಮೇಲೆ ನೆಲದ ಮೇಲೆ ಕೂತು ಅಪ್ಪನ ಒಂದೊಂದೇ ಕಾಲು ಎತ್ತಿ ನೀರಿಗಿಟ್ಟರು, ಬೆರಳುಗಳ ಸಂದಿಯ ಹಿಮ ಬಿಡಿಸಿದರು. ಅಪ್ಪ ಕಾಲು ಹಿಂದೆಗೆದುಕೊಳ್ಳಲು ನೋಡಿದ, ಅವರು ಬಿಡಲಿಲ್ಲ. ಮೂವತ್ತು ವರ್ಷ ಹಟಮಾರಿ ಮಕ್ಕಳನ್ನು ಹಿಡಿದ ಕೈ ಅದು.

ಅಪ್ಪ ತಲೆ ತಗ್ಗಿಸಿ ಕೂತಿದ್ದ. ನಾನು ಬಾಗಿಲ ಬಳಿ ಅವನ ಬೂಟು ಹಿಡಿದು ನಿಂತಿದ್ದೆ.

“ಬೆರಳು ಆಡಿಸು,” ಎಂದರು ಅಬು ಮುಯೀನ್.

ಅಪ್ಪ ನೀರಿನೊಳಗೆ ಬೆರಳು ಆಡಿಸಿದ.